ನೆಟ್‌ವರ್ಕ್ ಬಂತು, ಇನ್ನು ನೆಪ ಯಾವುದು?

(ಪದವಿ ಕಾಲೇಜು ಅಧ್ಯಾಪಕರ ಕಾರ್ಯಾಗಾರವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಪುನರುಕ್ತಿಗಳನ್ನು ಕಳೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಸ್ನೇಹಿತರೇ,

ಸಂಘಟಕರು ನನಗೆ ಕೊಟ್ಟ ವಿಷಯ ಬಹಳ ಅಗಲವಾದದ್ದು: ಅಭಿವೃದ್ಧಿಶೀಲ ದೇಶಗಳ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಆನ್‌ಲೈನ್ ಕಲಿಕೆಯ ಸವಾಲುಗಳು. ಅಷ್ಟೂ ದೇಶಗಳ ಬಗ್ಗೆ ಮಾತನಾಡಿದರೆ ಯಾವ ದೇಶದ ಬಗ್ಗೆಯೂ ಮಾತನಾಡಿದಂತಾಗುವುದಿಲ್ಲ. ಹಾಗಾಗಿ ನಾನು ಕರ್ನಾಟಕದ ಸರ್ಕಾರಿ ವಿಶ್ವವಿದ್ಯಾಲಯಗಳನ್ನೂ ಅವುಗಳ ಸಂಯೋಜಿತ ಪದವಿ ಕಾಲೇಜುಗಳನ್ನೂ ಮುಂದಿಟ್ಟುಕೊಂಡು ಮಾತನಾಡುತ್ತೇನೆ. ನಡುವೆ ಶ್ರೀಲಂಕಾಕ್ಕೂ ದಕ್ಷಿಣ ಆಫ್ರಿಕಾಕ್ಕೂ ಒಮ್ಮೆ ಹೋಗಿ ಬರೋಣ.

2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಒಂದು ಚಿತ್ರ ದೇಶವನ್ನೆಲ್ಲ ಸುತ್ತಿತು. ಸುರಿಯುವ ಮಳೆ, ರಸ್ತೆ ಬದಿಯಲ್ಲಿ ಮೊಬೈಲ್ ಹಿಡಿದು ಕುಳಿತ ಹುಡುಗಿ, ಅವಳ ತಲೆಯ ಮೇಲೆ ಕೊಡೆ ಹಿಡಿದು ನಿಂತ ತಂದೆ. ಅವಳು ಎಸ್‌ಎಸ್‌ಎಲ್‌ಸಿ ವಿದ್ಯಾರ್ಥಿನಿ, ನಮ್ಮ ಪದವಿ ಕಾಲೇಜಿನವಳಲ್ಲ. ಆದರೆ ಅದೇ ಮಳೆಗಾಲದಲ್ಲಿ ಮಲೆನಾಡಿನ ಎಷ್ಟೋ ಪದವಿ ವಿದ್ಯಾರ್ಥಿಗಳು ಹಾಗೆಯೇ ಗುಡ್ಡ ಹತ್ತಿ ಕುಳಿತಿದ್ದರು. ಆ ಚಿತ್ರ ನಮ್ಮೆಲ್ಲರ ಮನಸ್ಸನ್ನು ಕಲಕಿತು, ನಿಜ. ಅದರ ಜೊತೆಗೇ ಒಂದು ತಪ್ಪು ತಿಳಿವಳಿಕೆಯನ್ನೂ ಬಿಟ್ಟುಹೋಯಿತು ಎಂದು ನನಗೆ ಅನ್ನಿಸುತ್ತದೆ. ಆನ್‌ಲೈನ್ ಕಲಿಕೆಯ ತೊಂದರೆ ಎಂದರೆ ಸಿಗ್ನಲ್ಲಿನ ತೊಂದರೆ, ಗೋಪುರ ನಿಲ್ಲಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ತಿಳಿವಳಿಕೆ ಅದು.

ಸಿಗ್ನಲ್ಲಿನ ತೊಂದರೆ ಸುಳ್ಳೇನೂ ಅಲ್ಲ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಮನೆಗಳಲ್ಲಿ ಇಂಟರ್‌ನೆಟ್ ಸೌಲಭ್ಯ ಇದ್ದದ್ದು ಶೇ 15ರಷ್ಟರಲ್ಲಿ ಮಾತ್ರ, ನಗರದಲ್ಲಿ ಶೇ 42. ಕಂಪ್ಯೂಟರ್ ಇದ್ದ ಗ್ರಾಮೀಣ ಮನೆಗಳು ಶೇ 4, ನಗರದಲ್ಲಿ ಶೇ 23. ಇದಾಗಿ ಎರಡೇ ವರ್ಷಕ್ಕೆ ಲಾಕ್‌ಡೌನ್ ಬಂತು. ಕಂಪ್ಯೂಟರ್ ಇಲ್ಲದ ಮನೆಗಳಿಗೆ ನಾವು ಪವರ್‌ಪಾಯಿಂಟ್ ಕಳುಹಿಸಿದೆವು.

ಅದಾದ ಮೇಲೆ ಪರಿಸ್ಥಿತಿ ಬದಲಾಗಿದೆ. 2016ರಲ್ಲಿ ಜಿಯೊ ಬಂದ ಮೇಲೆ ಡಾಟಾ ಅಗ್ಗವಾಗುತ್ತಾ ಬಂದಿತ್ತು. ಈಗ ನಮ್ಮ ತರಗತಿಯಲ್ಲಿ ಮೊಬೈಲ್ ಇಲ್ಲದ ವಿದ್ಯಾರ್ಥಿಯನ್ನು ಹುಡುಕಬೇಕು. ಕಾಡಂಚಿನ ಕೆಲವು ಊರುಗಳನ್ನು ಬಿಟ್ಟರೆ ಸಿಗ್ನಲ್ ತಕ್ಕಮಟ್ಟಿಗೆ ಇದೆ. ಬಸ್ಸಿನಲ್ಲಿ ಕುಳಿತ ನಮ್ಮ ಹುಡುಗ ಕ್ರಿಕೆಟ್ ಪಂದ್ಯವನ್ನು ತಡೆಯಿಲ್ಲದೆ ನೋಡುತ್ತಾನೆ. ಹಾಗಿದ್ದರೂ ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ ಆನ್‌ಲೈನ್ ಕಲಿಕೆ ಬೇರೂರಲಿಲ್ಲ. ಕಾಲೇಜು ಬಾಗಿಲು ತೆರೆದ ಮರುದಿನವೇ ನಾವು ಅದನ್ನು ಮರೆತೆವು. ನೆಪ ಮಾಯವಾಗಿ ರೋಗ ಹಾಗೆಯೇ ಉಳಿದಿದ್ದರೆ, ರೋಗ ಬೇರೆ ಕಡೆ ಇದೆ. ಅದು ವಿಶ್ವವಿದ್ಯಾಲಯದ ಒಳಗೇ ಇದೆ, ಅದರ ಪರೀಕ್ಷೆಯಲ್ಲಿ ಮತ್ತು ಕಾರ್ಯಭಾರದ, ಅಂದರೆ ಅಧ್ಯಾಪಕರಿಗೆ ಹಂಚುವ ಪಾಠದ ಗಂಟೆಗಳ, ಲೆಕ್ಕದಲ್ಲಿ ಇದೆ ಎಂಬುದೇ ಇಂದು ನಾನು ಹೇಳಲು ಬಂದ ಮಾತು.

ಸ್ವಲ್ಪ ಹಿಂದಕ್ಕೆ ಹೋಗೋಣ. ತಂತ್ರಜ್ಞಾನದ ಮೂಲಕ ಪಾಠ ಎಂಬುದು 2020ರಲ್ಲಿ ಆಕಾಶದಿಂದ ಉದುರಿದ್ದಲ್ಲ. (ನಿಜವಾಗಿ ಆಕಾಶದಿಂದ ಉದುರಿದ್ದು 1975ರಲ್ಲಿ!) ಆ ವರ್ಷದ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಪಾಠ ತಲುಪಿಸಿದರು. ಸೈಟ್ ಎಂದು ಆ ಪ್ರಯೋಗದ ಹೆಸರು. ಕರ್ನಾಟಕದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಬೆಂಗಳೂರಿಗೆ ದೂರದರ್ಶನ ಸರಿಯಾಗಿ ಬರುವ ಮುಂಚೆಯೇ ಹೈದರಾಬಾದ್ ಕರ್ನಾಟಕದ ಹಳ್ಳಿಯ ಶಾಲೆಯ ಮುಂದೆ ಜನ ಟಿ.ವಿ. ನೋಡಿದರು. ವರ್ಷ ಮುಗಿಯಿತು, ಉಪಗ್ರಹ ವಾಪಸಾಯಿತು.

1984ರ ಆಗಸ್ಟ್ 15ರಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, ದೂರದರ್ಶನದಲ್ಲಿ ದೇಶವ್ಯಾಪಿ ತರಗತಿ ಶುರುಮಾಡಿತು. ನನ್ನ ವಯಸ್ಸಿನವರಿಗೆ ಅದು ಮಧ್ಯಾಹ್ನದ 'ಯುಜಿಸಿ ಕಾರ್ಯಕ್ರಮ' ಎಂದು ನೆನಪಿರಬಹುದು: ಸೊಗಸಾದ ಇಂಗ್ಲಿಷ್, ಎದುರಿಗೆ ಅರ್ಥವಾಗದೆ ಕುಳಿತ ನಾವು. 2003ರ ಸುಮಾರಿಗೆ ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಎನ್‌ಪಿಟಿಇಎಲ್ ಎಂಬ ವಿಡಿಯೊ ಪಾಠಗಳ ಯೋಜನೆ ಆರಂಭಿಸಿದವು. 2004ರ ಸೆಪ್ಟೆಂಬರ್‌ನಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಅದರ ಮೊದಲ ಬಳಕೆದಾರರಲ್ಲಿ ಒಂದು. 2011ರಲ್ಲಿ ವಿದ್ಯಾರ್ಥಿಗಳಿಗೆಂದು ಅಗ್ಗದ ಆಕಾಶ್ ಟ್ಯಾಬ್ಲೆಟ್, 2017ರ ಜುಲೈನಲ್ಲಿ ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ತಾಣವಾದ ಸ್ವಯಂ ಪೋರ್ಟಲ್, ಜೊತೆಗೆ ಡಿಟಿಎಚ್‌ನಲ್ಲಿ ಸ್ವಯಂ ಪ್ರಭಾ ವಾಹಿನಿಗಳು. 2021ರಲ್ಲಿ ನಮ್ಮ ರಾಜ್ಯದಲ್ಲೇ ಸರ್ಕಾರಿ ಕಾಲೇಜುಗಳಿಗೆ ಕಲಿಕಾ ನಿರ್ವಹಣಾ ವ್ಯವಸ್ಥೆ, ಅಂದರೆ ಎಲ್‌ಎಂಎಸ್, ಮತ್ತು ಒಂದೂವರೆ ಲಕ್ಷದಷ್ಟು ವಿದ್ಯಾರ್ಥಿಗಳಿಗೆ ಟ್ಯಾಬ್.

ಈ ಸಾಲನ್ನು ನೋಡಿ. ಕೆಲವು ವರ್ಷಕ್ಕೊಮ್ಮೆ ಹೊಸ ಸಾಧನ, ಉದ್ಘಾಟನೆ, ಫಲಕ. ಒಂದರ ಅನುಭವ ಮುಂದಿನದಕ್ಕೆ ದಾಟಿದ ಲಕ್ಷಣ ಮಾತ್ರ ಕಾಣುವುದಿಲ್ಲ. ಇಷ್ಟೆಲ್ಲ ಸಾಧನಗಳು ಬಂದವು, ಹೋದವು. ಅವು ಬಂದಿಳಿದ ವಿಶ್ವವಿದ್ಯಾಲಯ ಅಲುಗಾಡಲೇ ಇಲ್ಲ. ಅದು ಯಾಕೆ ಅಲುಗಾಡಲಿಲ್ಲ?

ನಮ್ಮ ವಿಶ್ವವಿದ್ಯಾಲಯ ಹುಟ್ಟಿನಿಂದಲೇ ಪಾಠ ಮಾಡುವ ಸಂಸ್ಥೆಯಲ್ಲ, ಪರೀಕ್ಷೆ ಮಾಡುವ ಸಂಸ್ಥೆ. 1857ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದರಾಸು ವಿಶ್ವವಿದ್ಯಾಲಯಗಳನ್ನು ಸ್ಥಾಪಿಸಿದಾಗ ಮುಂದಿಟ್ಟುಕೊಂಡದ್ದು ಆಗಿನ ಲಂಡನ್ ವಿಶ್ವವಿದ್ಯಾಲಯದ ಮಾದರಿಯನ್ನು. ಪಾಠ ಕಾಲೇಜಿನದು, ಪರೀಕ್ಷೆ ಮತ್ತು ಪದವಿ ವಿಶ್ವವಿದ್ಯಾಲಯದ್ದು. 1916ರಲ್ಲಿ ಬಂದ ಮೈಸೂರು ವಿಶ್ವವಿದ್ಯಾಲಯ, ಆಮೇಲೆ ಧಾರವಾಡ, ಬೆಂಗಳೂರು, ಮಂಗಳೂರು, ಗುಲ್ಬರ್ಗ, ಕುವೆಂಪು ವಿಶ್ವವಿದ್ಯಾಲಯಗಳೆಲ್ಲ ಸ್ನಾತಕೋತ್ತರ ವಿಭಾಗಗಳನ್ನು ಕಟ್ಟಿಕೊಂಡವು. ಆದರೆ ಪದವಿ ಮಟ್ಟದಲ್ಲಿ ಹಳೆಯ ಏರ್ಪಾಡೇ ಮುಂದುವರಿಯಿತು. ಅಧ್ಯಯನ ಮಂಡಳಿ ಪಠ್ಯಕ್ರಮ ಬರೆಯುತ್ತದೆ, ಪರೀಕ್ಷಾಂಗ ಪ್ರಶ್ನೆಪತ್ರಿಕೆ ಕಳುಹಿಸುತ್ತದೆ. ನಡುವಿನ ನಾಲ್ಕು ತಿಂಗಳು ಹುಡುಗರು ಏನನ್ನು ಹೇಗೆ ಕಲಿತರು ಎಂಬುದು ವಿಶ್ವವಿದ್ಯಾಲಯದ ಕಡತಕ್ಕೆ ಬರುವುದೇ ಇಲ್ಲ.

ಇಂಥ ಏರ್ಪಾಡಿನ ಮೇಲೆ ಆನ್‌ಲೈನ್ ಕಲಿಕೆಯನ್ನು ಇಟ್ಟರೆ ಏನಾಗುತ್ತದೆ? ವಿದ್ಯಾರ್ಥಿ ಮೂರು ಗಂಟೆಯ ಪ್ರಶ್ನೆಪತ್ರಿಕೆಯನ್ನು ನೋಡುತ್ತಾನೆ. ಎರಡು ಅಂಕದ ಪ್ರಶ್ನೆ, ಐದು ಅಂಕದ ಟಿಪ್ಪಣಿ, ಹತ್ತು ಅಂಕದ ಪ್ರಬಂಧ. ಕಳೆದ ಐದು ವರ್ಷದ ಪತ್ರಿಕೆಗಳನ್ನು ಹರಡಿಕೊಂಡರೆ ಮುಂದಿನದು ಹೆಚ್ಚುಕಡಿಮೆ ಕಾಣುತ್ತದೆ. ಅದಕ್ಕೆ ಬೇಕಾದದ್ದು ನಲವತ್ತು ಪುಟದ ನೋಟ್ಸ್. ಚರ್ಚಾ ವೇದಿಕೆ, ವಾರವಾರದ ರಸಪ್ರಶ್ನೆ, ಕಿರು ಯೋಜನೆ ಇವೆಲ್ಲ ಅವನ ದೃಷ್ಟಿಯಲ್ಲಿ ಅಲಂಕಾರ. ಅವನು ಸೋಮಾರಿಯಲ್ಲ, ಲೆಕ್ಕ ಬಲ್ಲವನು. ಸ್ವಯಂ ಪಾಠಗಳಿಗೆ ವಿಡಿಯೊ, ಪಠ್ಯ, ಸ್ವಪರೀಕ್ಷೆ, ಚರ್ಚೆ ಎಂಬ ನಾಲ್ಕು ಅಂಗಗಳಿವೆ. ಪರೀಕ್ಷೆ ಕೇಳುವುದು ಎರಡನೆಯದನ್ನು ಮಾತ್ರವಾದರೆ ಉಳಿದ ಮೂರು ಒಣಗುತ್ತವೆ.

2020ರಲ್ಲಿ ಇದು ಬಟಾಬಯಲಾಯಿತು. ಮಾರ್ಚ್‌ನಿಂದ ಎಲ್ಲ ಪಾಠ ಆನ್‌ಲೈನ್ ಎಂದೆವು. ಜುಲೈ 6ರಂದು ಯುಜಿಸಿ ಮಾರ್ಗಸೂಚಿ ಬಂತು: ಅಂತಿಮ ವರ್ಷದ ಪರೀಕ್ಷೆ ಸೆಪ್ಟೆಂಬರ್ ಕೊನೆಯೊಳಗೆ ನಡೆಯಲೇಬೇಕು. ಆಗಸ್ಟ್ 28ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ರಾಜ್ಯವೊಂದು ದಿನಾಂಕ ಮುಂದೂಡಲು ಕೇಳಬಹುದು, ಆದರೆ ಪರೀಕ್ಷೆಯಿಲ್ಲದೆ ಪದವಿ ಕೊಡುವಂತಿಲ್ಲ ಎಂದಿತು. ಆನ್‌ಲೈನ್ ಪರೀಕ್ಷೆಗೆ ಮಾರ್ಗಸೂಚಿಯಲ್ಲಿ ಅವಕಾಶವಿತ್ತು. ನಮ್ಮ ಯಾವ ದೊಡ್ಡ ವಿಶ್ವವಿದ್ಯಾಲಯವೂ ಆ ಧೈರ್ಯ ಮಾಡಲಿಲ್ಲ. ಸಾಂಕ್ರಾಮಿಕದ ನಡುವೆ ಮಾಸ್ಕ್ ಹಾಕಿಸಿ ಹುಡುಗರನ್ನು ಕೊಠಡಿಗೆ ಕರೆದು ಕೂರಿಸಿದೆವು. ಪಾಠವನ್ನು ಮನೆಗೆ ಕಳುಹಿಸಲು ಅಡ್ಡಿಯಿರಲಿಲ್ಲ, ಪರೀಕ್ಷೆಯನ್ನು ಮಾತ್ರ ಕಣ್ಣಳತೆಯಿಂದ ಆಚೆ ಬಿಡಲು ಮನಸ್ಸಾಗಲಿಲ್ಲ. ನಮಗೆ ಯಾವುದು ಮುಖ್ಯ ಎಂಬುದನ್ನು ನಾವೇ ಹೀಗೆ ತೋರಿಸಿಕೊಟ್ಟೆವು.

ಇನ್ನು ಕಾರ್ಯಭಾರದ ವಿಷಯ. ಈ ಸಭೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅತಿಥಿ ಉಪನ್ಯಾಸಕರಿದ್ದೀರಿ ಎಂದು ತಿಳಿಯಿತು. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಾನೂರಕ್ಕೂ ಹೆಚ್ಚು. ಅವುಗಳ ಪಾಠದ ದೊಡ್ಡ ಪಾಲನ್ನು ಹೊತ್ತವರು ಸಾವಿರಾರು ಅತಿಥಿ ಉಪನ್ಯಾಸಕರು. ಲಾಕ್‌ಡೌನ್ ಬಂದಾಗ ಅವರಲ್ಲಿ ಅರ್ಹತೆ ಇದ್ದವರಿಗೆ ಸಿಗುತ್ತಿದ್ದದ್ದು ತಿಂಗಳಿಗೆ 13,000 ರೂಪಾಯಿ, ಉಳಿದವರಿಗೆ 11,000. ಅದೂ ತಿಂಗಳು ತಿಂಗಳು ಬರುತ್ತಿರಲಿಲ್ಲ. ಮುಷ್ಕರದ ನಂತರ, 2022ರ ಜನವರಿಯ ಆದೇಶದಲ್ಲಿ ಗೌರವಧನ 26,000ದಿಂದ 32,000ದವರೆಗೆ ಏರಿತು. ಆದರೆ ವಾರಕ್ಕೆ 15 ಗಂಟೆ ಪಾಠ ಎಂದಾಯಿತು. ಮೊದಲು ಎಂಟು-ಹತ್ತು ಗಂಟೆಯಂತೆ ಇಬ್ಬರು ಹಂಚಿಕೊಳ್ಳುತ್ತಿದ್ದ ಕೆಲಸ ಒಬ್ಬರಿಗೆ ಹೋಯಿತು, ಇನ್ನೊಬ್ಬರು ಮನೆಗೆ ಹೋದರು.

ಈಗ ಆನ್‌ಲೈನ್ ಪಾಠವನ್ನು ಈ ಲೆಕ್ಕದೊಳಗೆ ತನ್ನಿ. ಇಪ್ಪತ್ತು ನಿಮಿಷದ ಒಂದು ಒಳ್ಳೆಯ ಕನ್ನಡ ವಿಡಿಯೊ ಪಾಠಕ್ಕೆ ಬರೆಯಲು, ಚಿತ್ರ ಹೊಂದಿಸಲು, ಧ್ವನಿ ಮುದ್ರಿಸಲು, ತಿದ್ದಲು ಎರಡು-ಮೂರು ದಿನ ಬೇಕು. ವೇಳಾಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಖಾಯಂ ಅಧ್ಯಾಪಕರಿಗೆ 2018ರ ಯುಜಿಸಿ ನಿಯಮಾವಳಿಯಲ್ಲಿ ಇ-ಪಾಠ ಸಿದ್ಧಪಡಿಸಿದ್ದಕ್ಕೆ ಬಡ್ತಿಯ ಅಂಕಗಳಿವೆ. ಅತಿಥಿ ಉಪನ್ಯಾಸಕರಿಗೆ ಬಡ್ತಿಯೇ ಇಲ್ಲವಲ್ಲ, ಅಂಕ ಯಾವ ಖಾತೆಗೆ? ಇನ್ನೂ ಒಂದು ತೊಡಕಿದೆ. ಒಮ್ಮೆ ಮುದ್ರಿಸಿದ ಪಾಠವನ್ನು ಮುಂದಿನ ವರ್ಷವೂ ಹಾಕಬಹುದು. ಹಾಗಾದರೆ ಮುಂದಿನ ವರ್ಷ ನಿಮ್ಮ ಅಗತ್ಯವೇನು ಎಂದು ಯಾರಾದರೂ ಕೇಳಬಹುದು. ಕೆಲಸ ಕಳೆದುಕೊಳ್ಳುವ ಭಯದಲ್ಲಿರುವವರಿಗೆ ತಮ್ಮ ಬದಲಿಯನ್ನು ತಾವೇ ತಯಾರಿಸಿಕೊಡಿ ಎನ್ನುವುದು ಯಾವ ನ್ಯಾಯ?

ಸ್ವಯಂ ಕ್ರೆಡಿಟ್‌ಗಳ ಕಥೆಯೂ ಇದೇ. ಯುಜಿಸಿ 2016ರಲ್ಲಿ ಶೇ 20ರಷ್ಟು ಪಾಠಗಳನ್ನು ಸ್ವಯಂ ಮೂಲಕ ಕಲಿಯಲು ಅವಕಾಶ ಕೊಟ್ಟಿತು, 2021ರಲ್ಲಿ ಅದನ್ನು ಶೇ 40ಕ್ಕೆ ಏರಿಸಿತು. ಕಾಗದದ ಮೇಲೆ ಉದಾರ ನಿಯಮ. ಆದರೆ ಮೂವತ್ತು ವಿದ್ಯಾರ್ಥಿಗಳಿರುವ ವಿಭಾಗದಲ್ಲಿ ಶೇ 40 ಪಾಠ ಹೊರಗೆ ಹೋದರೆ ಅಷ್ಟು ಕಾರ್ಯಭಾರ ಇಳಿಯುತ್ತದೆ, ಹುದ್ದೆ ಇಳಿಯುತ್ತದೆ. ಸ್ವಯಂ ಬಗ್ಗೆ ವಿದ್ಯಾರ್ಥಿಗಳಿಗೆ ಯಾಕೆ ಹೇಳುವುದಿಲ್ಲ ಎಂದು ಅಧ್ಯಾಪಕರನ್ನು ಬೈಯುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು. ವಿದೇಶದ ಯಾವುದೋ ಅಧ್ಯಯನವನ್ನು ಉಲ್ಲೇಖಿಸಿ 'ಅಧ್ಯಾಪಕರಲ್ಲಿ ಬದಲಾವಣೆಗೆ ಪ್ರತಿರೋಧವಿದೆ' ಎಂದು ಬರೆಯುವುದು ಬಹಳ ಸುಲಭ. ಪ್ರತಿರೋಧ ಅಲ್ಲ ಅದು, ಹೊಟ್ಟೆಪಾಡು.

ಭಾಷೆಯ ಬಗ್ಗೆ ಹೇಳಿದ್ದನ್ನೇ ಹೇಳಿ ನಿಮ್ಮ ಸಮಯ ತೆಗೆದುಕೊಳ್ಳುವುದಿಲ್ಲ. ಕಲಾ ಮತ್ತು ವಾಣಿಜ್ಯ ವಿಭಾಗದ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಕನ್ನಡದಲ್ಲಿ ಓದಿ ಬಂದವರು, ರಾಷ್ಟ್ರೀಯ ಪೋರ್ಟಲ್‌ಗಳ ಪಾಠಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿವೆ. ಇದು ನಿಮಗೆ ಗೊತ್ತು. ಅಷ್ಟಾಗಿ ಚರ್ಚೆಗೆ ಬಾರದ ಒಂದು ಸಂಗತಿಯನ್ನು ಮಾತ್ರ ಹೇಳುತ್ತೇನೆ. ನಮ್ಮಲ್ಲಿ ಕನ್ನಡ ನೋಟ್ಸ್ ಇಲ್ಲ ಎನ್ನುವುದು ಸುಳ್ಳು. ಇಪ್ಪತ್ತೈದು ವರ್ಷಗಳಿಂದ ಅಧ್ಯಾಪಕರು ಟೈಪ್ ಮಾಡಿಸಿಟ್ಟ ಟಿಪ್ಪಣಿ, ಪ್ರಶ್ನಾವಳಿ, ಉಪನ್ಯಾಸಗಳು ಕಾಲೇಜು ಕಾಲೇಜುಗಳ ಕಂಪ್ಯೂಟರ್‌ಗಳಲ್ಲಿ, ಊರಿನ ಡಿಟಿಪಿ ಅಂಗಡಿಗಳಲ್ಲಿ ಇವೆ. ಅವುಗಳಲ್ಲಿ ಬಹುಪಾಲು ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ನಲ್ಲಿವೆ, ಎಲ್ಲ ಕಂಪ್ಯೂಟರ್‌ಗಳೂ ಓದಬಲ್ಲ ಯೂನಿಕೋಡ್‌ನಲ್ಲಿ ಅಲ್ಲ. ಎಲ್‌ಎಂಎಸ್‌ಗೆ ಅಂಟಿಸಿದ ಕೂಡಲೇ ಅವು ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳ ರಾಶಿಯಾಗುತ್ತವೆ. ಪಿಡಿಎಫ್ ಮಾಡಿ ಹಾಕಿದರೆ ಕಣ್ಣಿಗೆ ಕನ್ನಡವೇ ಕಾಣುತ್ತದೆ, ಆದರೆ ಹುಡುಕಿದರೆ ಸಿಗುವುದಿಲ್ಲ. ದೃಷ್ಟಿ ಇಲ್ಲದ ವಿದ್ಯಾರ್ಥಿಯ ಪರದೆ ಓದುವ ತಂತ್ರಾಂಶಕ್ಕೆ ಅದು ಕನ್ನಡವೇ ಅಲ್ಲ. ಪರಿವರ್ತಕ ತಂತ್ರಾಂಶಗಳಿವೆ, ಉಚಿತವಾಗಿಯೇ ಇವೆ. ಒತ್ತಕ್ಷರಗಳಲ್ಲಿ ಅಲ್ಲಲ್ಲಿ ಎಡವುತ್ತವೆ, ಕುಳಿತು ತಿದ್ದಬೇಕು. ಒಂದು ಬೇಸಿಗೆ ರಜೆಯಲ್ಲಿ ವಿಷಯಕ್ಕೆ ಇಬ್ಬರಂತೆ ಸಂಭಾವನೆ ಕೊಟ್ಟು ಕೂರಿಸಿದರೆ ಮುಗಿಯುವ ಕೆಲಸ. ಅದಕ್ಕೆ ಟೆಂಡರ್ ಇಲ್ಲ, ಉದ್ಘಾಟನೆ ಇಲ್ಲ. ಬಹುಶಃ ಅದಕ್ಕೇ ಆಗಿಲ್ಲ.

ಆದದ್ದು ಕೂಡ ಉಳಿಯುವುದಿಲ್ಲ ಎಂಬುದು ಮತ್ತೊಂದು ನೋವು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಂತು. ಒಂದು ಅನುಕೂಲವೂ ಬಂತು: ಬೇರೆ ಬೇರೆ ವಿಶ್ವವಿದ್ಯಾಲಯಗಳಿಗೆ ಬಹುಮಟ್ಟಿಗೆ ಒಂದೇ ಮಾದರಿ ಪಠ್ಯಕ್ರಮ. ಮೈಸೂರಿನಲ್ಲಿ ಮಾಡಿದ ಪಾಠವನ್ನು ಕಲಬುರಗಿಯಲ್ಲಿ ಬಳಸುವ ಅವಕಾಶ ಅಪರೂಪಕ್ಕೆ ಒದಗಿತ್ತು. 2024ರ ಮೇ ತಿಂಗಳ ಆದೇಶದಲ್ಲಿ ಮೂರು ವರ್ಷದ ಪದವಿಗೆ ಮರಳಿದೆವು, ಪಠ್ಯಕ್ರಮ ಮತ್ತೆ ಬದಲಾಯಿತು. ಯಾವ ನೀತಿ ಸರಿ ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. ಆ ಮೂರು ವರ್ಷಗಳಲ್ಲಿ ಪಠ್ಯಕ್ರಮದ ಘಟಕಕ್ಕೆ ಅಂಟಿಸಿ ತಯಾರಿಸಿದ ವಿಡಿಯೊಗಳ ಗತಿ ಏನು ಎಂದು ಮಾತ್ರ ಕೇಳುತ್ತೇನೆ. ಪಾಠವನ್ನು ಸೆಮಿಸ್ಟರ್ ಸಂಖ್ಯೆಗೆ ಕಟ್ಟಿಹಾಕದೆ ವಿಷಯಕ್ಕೆ ಕಟ್ಟಿದ್ದರೆ ಅದು ಉಳಿಯುತ್ತಿತ್ತು. ಅರ್ಥಶಾಸ್ತ್ರದ ಬೇಡಿಕೆಯ ನಿಯಮ 2021ರಲ್ಲೂ ಅದೇ, 2024ರಲ್ಲೂ ಅದೇ.

ಈಗ ಸಮುದ್ರ ದಾಟಿ ಶ್ರೀಲಂಕಾಕ್ಕೆ ಹೋಗೋಣ. ಅಲ್ಲಿನ ವಿಶ್ವವಿದ್ಯಾಲಯಗಳು ಸೇರಿ ನಡೆಸುವ ಲರ್ನ್ ಎಂಬ ಶೈಕ್ಷಣಿಕ ಜಾಲ ಬಹಳ ಹಿಂದಿನಿಂದಲೇ ಇತ್ತು. 2020ರಲ್ಲಿ ಮುಚ್ಚುಗಡೆ ಬಂದಾಗ ಅವರು ಜೂಮ್ ತರಗತಿಗಳನ್ನು ಆ ಜಾಲದ ಮೂಲಕ ಹಾಯಿಸಿದರು. ದೂರಸಂಪರ್ಕ ಕಂಪನಿಗಳೊಂದಿಗೆ ಮಾತನಾಡಿ, ವಿಶ್ವವಿದ್ಯಾಲಯದ ಪಾಠಕ್ಕೆ ಬಳಸಿದ ಡಾಟಾಕ್ಕೆ ವಿದ್ಯಾರ್ಥಿಯಿಂದ ಹಣ ಪಡೆಯದಂತೆ ಮಾಡಿದರು. ನಮಗಿಂತ ಬಡ ಖಜಾನೆಯ ದೇಶ ಇದನ್ನು ಕೆಲವೇ ವಾರಗಳಲ್ಲಿ ಮಾಡಿತು. ಜಾಲ ವಿಶ್ವವಿದ್ಯಾಲಯಗಳ ಕೈಯಲ್ಲೇ ಇದ್ದದ್ದು ಕಾರಣ.

ನಮಗೆ ಅದು ಯಾಕೆ ಆಗಲಿಲ್ಲ? ನಮ್ಮಲ್ಲೂ ಶಿಕ್ಷಣ ಸಂಸ್ಥೆಗಳನ್ನು ಬೆಸೆಯುವ ರಾಷ್ಟ್ರೀಯ ಜ್ಞಾನ ಜಾಲ ಇದೆ, ಆದರೆ ಅದು ಕ್ಯಾಂಪಸ್ಸಿನ ಗೇಟಿಗೆ ನಿಲ್ಲುತ್ತದೆ. ನಮ್ಮ ವಿದ್ಯಾರ್ಥಿನಿ ಇರುವುದು ಹಿರಿಯೂರಿನ ಮನೆಯಲ್ಲಿ. ಇನ್ನೊಂದು ಕಾರಣವೂ ಇದೆ. 2016ರ ಫೆಬ್ರುವರಿ 8ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಒಂದು ನಿಯಮ ತಂದಿತು: ಕೆಲವು ತಾಣಗಳಿಗೆ ಮಾತ್ರ ಕಡಿಮೆ ದರ ಅಥವಾ ಉಚಿತ ಎಂದು ಕಂಪನಿಗಳು ಮಾಡುವಂತಿಲ್ಲ. ಕೆಲವೇ ತಾಣಗಳನ್ನು ಉಚಿತವಾಗಿ ಕೊಡುವ ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ ಯೋಜನೆಗೆ ತಡೆಯಾದದ್ದು ಆಗಲೇ. ಅಂತರ್ಜಾಲ ಎಲ್ಲರಿಗೂ ಸಮಾನವಾಗಿರಬೇಕು ಎಂಬ ತತ್ವ ಅದರ ಹಿಂದಿದೆ. ನಾನು ಆಗಲೂ ಅದರ ಪರ, ಈಗಲೂ ಪರ. ಆದರೆ ಒಳ್ಳೆಯ ನಿಯಮಕ್ಕೂ ಒಂದು ಬೆಲೆಯಿರುತ್ತದೆ, ಇಲ್ಲಿ ಆ ಬೆಲೆಯನ್ನು ರೀಚಾರ್ಜ್ ರೂಪದಲ್ಲಿ ತೆತ್ತವರು ಬಡ ವಿದ್ಯಾರ್ಥಿಗಳು. ದರ ಇಳಿಸಲಾಗದಿದ್ದರೆ ಸರ್ಕಾರವೇ ವಿದ್ಯಾರ್ಥಿಯ ಸಂಖ್ಯೆಗೆ ನೇರವಾಗಿ ಡಾಟಾ ಹಾಕಿಸಬಹುದಿತ್ತು. ಹಾಗೆ ಮಾಡಲು ಆ ನಿಯಮದ ಅಡ್ಡಿ ಏನೂ ಇರಲಿಲ್ಲ.

ಶ್ರೀಲಂಕಾದ ಕಥೆ ಅಲ್ಲಿಗೇ ಮುಗಿಯಲಿಲ್ಲ. 2022ರಲ್ಲಿ ಆರ್ಥಿಕ ಕುಸಿತ ಬಂತು. ಬಸ್ಸಿಗೆ ಡೀಸೆಲ್ ಇಲ್ಲ, ಆದ್ದರಿಂದ ಮತ್ತೆ ಆನ್‌ಲೈನ್ ಪಾಠ ಎಂದರು. ದಿನಕ್ಕೆ ಹದಿಮೂರು ಗಂಟೆಯವರೆಗೆ ಕರೆಂಟ್ ಇಲ್ಲದ ದಿನಗಳೂ ಬಂದವು.

ದಕ್ಷಿಣ ಆಫ್ರಿಕಾದಲ್ಲಿ 2020ರಲ್ಲಿ ಸಾರ್ವಜನಿಕ ವಿಶ್ವವಿದ್ಯಾಲಯಗಳು ವಿದ್ಯಾರ್ಥಿಗಳಿಗೆ ಡಾಟಾವನ್ನೇ ಹಂಚಿದವು: ತಿಂಗಳಿಗೆ 30 ಜಿಬಿ. ಕೇಳಲು ಧಾರಾಳ. ಅದರಲ್ಲಿ 10 ಜಿಬಿ ಮಾತ್ರ ಹಗಲಿಗೆ, 20 ಜಿಬಿ ನಡುರಾತ್ರಿಯ ಮೇಲಿನ ಬಳಕೆಗೆ. ರಾತ್ರಿ ಡಾಟಾ ಕಂಪನಿಗೆ ಅಗ್ಗ. ಒಂದೇ ಕೋಣೆಯಲ್ಲಿ ಆರು ಜನ ಮಲಗುವ ಮನೆಯ ಹುಡುಗ ನಡುರಾತ್ರಿ ಎದ್ದು ದೀಪ ಹಚ್ಚಿ ಪಾಠ ಇಳಿಸಿಕೊಳ್ಳಬೇಕಾಯಿತು. ಅಂಕಿಅಂಶದ ವರದಿಯಲ್ಲಿ ಮಾತ್ರ 30 ಜಿಬಿ ಎಂದೇ ಇರುತ್ತದೆ.

ಕೋಣೆಯ ಮಾತು ಬಂತು. ನಮ್ಮ ಸರ್ಕಾರಿ ಪದವಿ ಕಾಲೇಜುಗಳಿಗೆ ಹೋಗಿ ನೋಡಿ, ಬೆಂಚುಗಳಲ್ಲಿ ಹೆಚ್ಚು ಕಾಣುವವರು ಹೆಣ್ಣುಮಕ್ಕಳು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಎಂದಾದರೂ ಇಂಟರ್‌ನೆಟ್ ಬಳಸಿದ ಮಹಿಳೆಯರು ಶೇ 33, ಪುರುಷರು ಶೇ 57. ಸ್ವಂತಕ್ಕೆಂದು ಮೊಬೈಲ್ ಇದ್ದ ಮಹಿಳೆಯರು ಶೇ 54. ಅದು 2019-21ರ ಲೆಕ್ಕ, ಈಗ ಸುಧಾರಿಸಿದೆ ಎನ್ನೋಣ. ಮೊಬೈಲ್ ಕೈಗೆ ಬಂದ ಮೇಲೂ ಉಳಿಯುವುದು ಮನೆಗೆಲಸ. ಕಾಲೇಜಿಗೆ ಬಂದ ಹುಡುಗಿಗೆ ಹತ್ತರಿಂದ ನಾಲ್ಕರವರೆಗೆ ಯಾರೂ 'ಒಲೆ ನೋಡು, ತಮ್ಮನಿಗೆ ಊಟ ಹಾಕು' ಎನ್ನುವುದಿಲ್ಲ. ಮನೆಯಲ್ಲಿ ಕಿವಿಗೆ ಇಯರ್‌ಫೋನ್ ಹಾಕಿ ಕುಳಿತ ಹುಡುಗಿಯನ್ನು ಯಾರು ಬೇಕಾದರೂ ಎಬ್ಬಿಸಬಹುದು. ಆಕೆಗೆ ಕಾಲೇಜಿನ ಕಟ್ಟಡವೇ ದೊಡ್ಡ ಸೌಲಭ್ಯ. ಇನ್ನು ಮುಂದೆ ಕಟ್ಟಡವೇ ಬೇಡ, ಎಲ್ಲ ಆನ್‌ಲೈನ್ ಸಾಕು ಎಂದು ಉತ್ಸಾಹದಿಂದ ಹೇಳುವ ತಂತ್ರಜ್ಞರಿಗೆ ಇದು ಹೊಳೆಯುವುದಿಲ್ಲ. ಅವರಲ್ಲಿ ಹೆಚ್ಚಿನವರು ಗಂಡಸರು, ಪ್ರತ್ಯೇಕ ಕೋಣೆ ಇರುವವರು.

ನಮ್ಮಲ್ಲಿ ನಿಜವಾಗಿ ಆನ್‌ಲೈನ್ ಆದದ್ದು ಯಾವುದು? ಪ್ರವೇಶ, ಶುಲ್ಕ, ಪರೀಕ್ಷಾ ಅರ್ಜಿ, ಅಂಕಪಟ್ಟಿ. 2021-22ರಿಂದ ರಾಜ್ಯದ ವಿಶ್ವವಿದ್ಯಾಲಯಗಳಿಗೆ ಯುಯುಸಿಎಂಎಸ್ ಎಂಬ ಏಕೀಕೃತ ತಂತ್ರಾಂಶ ಬಂತು. ಫಲಿತಾಂಶ ತಡವಾಗುತ್ತದೆ, ಅಂಕ ಕಾಣುವುದಿಲ್ಲ ಎಂಬ ದೂರುಗಳು ಪತ್ರಿಕೆಗಳಲ್ಲಿ ಬಂದವು. ಆದರೂ ಅದು ನಿಂತಿತು, ಯಾಕೆಂದರೆ ಅದು ಕಡ್ಡಾಯ ಮತ್ತು ಅದು ವಿಶ್ವವಿದ್ಯಾಲಯದ ಮೂಲ ಕಸುಬಿಗೆ ಸೇರಿದ್ದು. ಪರೀಕ್ಷೆಗೆ ಸಂಬಂಧಿಸಿದ ತಂತ್ರಾಂಶಕ್ಕೆ ಸಿಕ್ಕ ಸಹಾಯವಾಣಿ, ತರಬೇತಿ, ಸುತ್ತೋಲೆಗಳ ಹತ್ತನೆಯ ಒಂದು ಪಾಲು ಕಲಿಕೆಯ ತಂತ್ರಾಂಶಕ್ಕೆ ಸಿಕ್ಕಿದ್ದರೆ ಎಂದು ಯೋಚಿಸುತ್ತೇನೆ.

ನಂಬಿಕೆಯ ಪ್ರಶ್ನೆಯೂ ಇದೆ. ಮೈಸೂರಿನಲ್ಲಿ ಅಂಚೆ ಶಿಕ್ಷಣ ಶುರುವಾದದ್ದು 1969ರಲ್ಲಿ, ಅದೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಮನೆಯಲ್ಲಿ ಕುಳಿತು ಕಲಿಯುವ ಬಗ್ಗೆ ರಾಜ್ಯದಲ್ಲಿ ಯಾರಿಗಾದರೂ ಅನುಭವ ಇದ್ದರೆ ಆ ಸಂಸ್ಥೆಗೆ. 2012-13ರ ನಂತರದ ಕೋರ್ಸ್‌ಗಳಿಗೆ ಮಾನ್ಯತೆ ಇಲ್ಲ ಎಂದು ಯುಜಿಸಿ 2015ರಲ್ಲಿ ಹೇಳಿದಾಗ ಸಾವಿರಾರು ಪದವಿಗಳು ತೂಗುಯ್ಯಾಲೆಯಲ್ಲಿ ಸಿಕ್ಕಿದವು. 2018ರಲ್ಲಿ ಮಾನ್ಯತೆ ಮತ್ತೆ ಬಂತು. ಆದರೆ 'ದೂರದಿಂದ ಪಡೆದ ಪದವಿ ನಡೆಯುತ್ತದೆಯೇ?' ಎಂಬ ಅನುಮಾನ ಹಳ್ಳಿಯ ತಂದೆತಾಯಿಯ ತಲೆಯಲ್ಲಿ ಉಳಿಯಿತು. ಇಂದು ಪೂರ್ಣ ಆನ್‌ಲೈನ್ ಪದವಿ ಕೊಡಬೇಕಾದರೆ ಗುಣಮಟ್ಟ ಅಳೆಯುವ ನ್ಯಾಕ್ ಮಂಡಳಿಯಿಂದ ಎತ್ತರದ ಅಂಕವೋ ರಾಷ್ಟ್ರೀಯ ಶ್ರೇಯಾಂಕದಲ್ಲಿ ಮೇಲಿನ ಸ್ಥಾನವೋ ಬೇಕು. ಅರ್ಧ ಹುದ್ದೆಗಳು ಖಾಲಿ ಬಿದ್ದ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಅಂಥ ಅಂಕ ಎಲ್ಲಿಂದ ಬರಬೇಕು? ಹಾಗಾಗಿ ಆ ಮಾರುಕಟ್ಟೆಯ ಬಹುಪಾಲು ಖಾಸಗಿಯವರಿಗೆ ಹೋಯಿತು. ಹೆದ್ದಾರಿಯ ಬದಿಯ ಜಾಹೀರಾತು ಫಲಕಗಳನ್ನು ನೋಡಿದರೆ ಗೊತ್ತಾಗುತ್ತದೆ.

ಇಷ್ಟರ ನಡುವೆಯೂ ಕೆಲಸ ಮಾಡಿದ ಒಂದು ಸಾಧನವಿದೆ, ಅದನ್ನು ಯಾವ ಇಲಾಖೆಯೂ ಕೊಡಲಿಲ್ಲ. ವಾಟ್ಸ್ಆ್ಯಪ್ ಗುಂಪು. ನಮ್ಮ ಪದವಿ ಶಿಕ್ಷಣದ ನಿಜವಾದ ಎಲ್‌ಎಂಎಸ್ ಅದೇ. ನೋಟ್ಸಿನ ಫೋಟೊ, ಹತ್ತು ನಿಮಿಷದ ಧ್ವನಿ ಮುದ್ರಿಕೆ, 'ಸರ್, ನಾಲ್ಕನೆಯ ಪ್ರಶ್ನೆ ಅರ್ಥವಾಗಲಿಲ್ಲ' ಎಂಬ ರಾತ್ರಿ ಒಂಬತ್ತರ ಸಂದೇಶ. ಜೂಮ್ ತರಗತಿಯಲ್ಲಿ ಹಾಜರಿ ಕೂಗಿದ ಮೇಲೆ ಕಪ್ಪು ಚೌಕಗಳ ಎದುರು ಮಾತನಾಡಿದ್ದನ್ನು ನೀವೆಲ್ಲ ಬಲ್ಲಿರಿ. ಗುಂಪಿನಲ್ಲಿ ಹಾಗಿರಲಿಲ್ಲ. ತರಗತಿಯಲ್ಲಿ ಬಾಯಿ ಬಿಡದ ಹುಡುಗಿಯರು ಅಲ್ಲಿ ಪ್ರಶ್ನೆ ಕೇಳಿದರು. ಧ್ವನಿ ಮುದ್ರಿಕೆ ಕಡಿಮೆ ಡಾಟಾ ತಿನ್ನುತ್ತದೆ, ಕೆಲಸ ಮಾಡುತ್ತಾ ಕೇಳಬಹುದು, ಎಷ್ಟು ಸಲ ಬೇಕಾದರೂ ಕೇಳಬಹುದು. ಅದಕ್ಕೆ ಕ್ಯಾಮೆರಾ ಬೇಡ, ಸ್ಟುಡಿಯೊ ಬೇಡ. ಕೊರತೆಗಳೂ ಇವೆ: ಖಾಸಗಿತನವಿಲ್ಲ, ಅಧ್ಯಾಪಕಿಯ ಸಂಖ್ಯೆ ಎಲ್ಲರ ಕೈಗೆ ಹೋಗುತ್ತದೆ, ವರ್ಷ ಕಳೆದರೆ ಎಲ್ಲ ಮುಳುಗಿಹೋಗುತ್ತದೆ. ಆದರೆ ಕಟ್ಟುವುದಿದ್ದರೆ ಇದರ ಮೇಲೆ ಕಟ್ಟಬೇಕು. ಮೇಲಿನಿಂದ ಇನ್ನೊಂದು ಪೋರ್ಟಲ್ ಇಳಿಸುವುದರಲ್ಲಿ ನನಗೆ ಆಸಕ್ತಿ ಉಳಿದಿಲ್ಲ.

ಮೊದಲು ಮುಟ್ಟಬೇಕಾದದ್ದು ಪ್ರಶ್ನೆಪತ್ರಿಕೆ. ಯಾವುದಾದರೂ ಒಂದು ಪತ್ರಿಕೆಯಲ್ಲಿ, ಒಂದು ಸೆಮಿಸ್ಟರ್‌ನಲ್ಲಿ, ಪುಸ್ತಕ ತೆರೆದಿಟ್ಟು ಬರೆಯುವ ಪರೀಕ್ಷೆ ಮಾಡಿ ನೋಡಲಿ. ನಿಮ್ಮ ಊರಿನ ಸಹಕಾರಿ ಸಂಘದ ವರದಿ ಕೊಟ್ಟು, ಅದರ ಲಾಭನಷ್ಟ ವಿವರಿಸಿ ಎಂದು ಕೇಳಲಿ. ಆಗ ನಲವತ್ತು ಪುಟದ ನೋಟ್ಸ್ ಸಾಲುವುದಿಲ್ಲ, ಪಾಠ ಕೇಳಬೇಕಾಗುತ್ತದೆ. ಅದು ಆನ್‌ಲೈನ್ ಆದರೂ ಸರಿ, ಅಲ್ಲದಿದ್ದರೂ ಸರಿ.

ಪ್ರಶ್ನೋತ್ತರದಲ್ಲಿ ಹಿರಿಯ ಅಧ್ಯಾಪಕರೊಬ್ಬರು, ಎಐ ಬಂದಿರುವಾಗ ಈ ಚರ್ಚೆಯೇ ಹಳತಾಯಿತಲ್ಲವೇ ಎಂದು ಕೇಳಿದರು. ನಾನು ಹೇಳಿದ್ದು ಇಷ್ಟು: ಮನೆಗೆ ಕೊಟ್ಟ ಪ್ರಬಂಧವನ್ನು ಯಂತ್ರ ಬರೆಯುತ್ತದೆ, ನಿಜ. ಹಾಗಾಗಿ ಆಂತರಿಕ ಅಂಕಗಳ ಮೇಲಿನ ನಂಬಿಕೆ ಇನ್ನಷ್ಟು ಕುಸಿದು, ಮೂರು ಗಂಟೆಯ ಪರೀಕ್ಷೆಯ ಹಿಡಿತ ಇನ್ನೂ ಬಿಗಿಯಾಗುವ ಅಪಾಯವಿದೆ. ವಿದ್ಯಾರ್ಥಿಯನ್ನು ಎದುರಿಗೆ ಕೂರಿಸಿಕೊಂಡು ಐದು ನಿಮಿಷ ಮಾತನಾಡಿಸಿದರೆ ಯಾರು ಬರೆದದ್ದು ಎಂದು ಗೊತ್ತಾಗುತ್ತದೆ. ಅದಕ್ಕೆ ಅಧ್ಯಾಪಕರ ಸಂಖ್ಯೆ ಹೆಚ್ಚಬೇಕು. ಎಲ್ಲ ದಾರಿಗಳೂ ಖಾಲಿ ಹುದ್ದೆಗಳ ಬಾಗಿಲಿಗೇ ಬಂದು ನಿಲ್ಲುತ್ತವೆ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಲ್ಲಿದ್ದ ಅತಿಥಿ ಉಪನ್ಯಾಸಕಿಯೊಬ್ಬರದು: "ಸರ್, ಲಾಕ್‌ಡೌನ್ ಸಮಯದಲ್ಲಿ ನಾನು ಮಾಡಿಕೊಟ್ಟ ವಿಡಿಯೊಗಳು ಇನ್ನೂ ಬಳಕೆಯಲ್ಲಿವೆ. ನಾನು ಈಗ ಬೇರೆ ಕಾಲೇಜಿನಲ್ಲಿದ್ದೇನೆ. ಅವು ಯಾರ ಆಸ್ತಿ?"

ಸಭೆಯಲ್ಲಿ ನಗು ಎದ್ದಿತು, ನನಗೆ ನಗು ಬರಲಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಉದ್ಯೋಗದ ಕರಾರಿನ ಅಡಿ ಕೆಲಸದ ಭಾಗವಾಗಿ ಮಾಡಿದ ಕೃತಿಯ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಉದ್ಯೋಗದಾತರದು. ಆದರೆ ಅತಿಥಿ ಉಪನ್ಯಾಸಕರನ್ನು ತಮ್ಮ ನೌಕರರೆಂದು ಒಪ್ಪಿಕೊಳ್ಳದವರು, ಹಕ್ಕು ಕೇಳುವಾಗ ಮಾತ್ರ ನೌಕರರೆಂದರೆ ಹೇಗೆ? ಇದು ಇತ್ಯರ್ಥವಾಗಬೇಕಾದ ವಿಷಯ, ನಿಮ್ಮ ಸಂಘ ಎತ್ತಿಕೊಳ್ಳಬೇಕಾದ ವಿಷಯ. ಅಲ್ಲಿಯವರೆಗೆ ಪ್ರತಿ ಪಾಠದ ಮೊದಲ ಚೌಕಟ್ಟಿನಲ್ಲಿ ನಿಮ್ಮ ಹೆಸರು ಮತ್ತು ವರ್ಷ ಹಾಕಿ, ಮೂಲ ಕಡತವನ್ನು ನಿಮ್ಮ ಬಳಿ ಇಟ್ಟುಕೊಳ್ಳಿ, ಒಪ್ಪಿಸುವಾಗ ಪ್ರಾಂಶುಪಾಲರಿಂದ ಸ್ವೀಕೃತಿ ಪತ್ರ ಪಡೆಯಿರಿ ಎಂದು ಹೇಳಿದೆ. ಅವರು ಅದನ್ನು ಬರೆದುಕೊಂಡರು. ಪಕ್ಕದಲ್ಲಿದ್ದವರೂ ಬರೆದುಕೊಂಡರು.